ಅನುಭವಿಸುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ?

ಇಂಗ್ಲಿಷ್ ಬಲ್ಲವನೆಂಬ ಹೆಸರು ಹಲಸಿನ ಮೇಣದ ಹಾಗೆ. ಒಮ್ಮೆ ಅಂಟಿದರೆ ಎಷ್ಟು ತೊಳೆದರೂ ಬಿಡುವುದಿಲ್ಲ. ಐವತ್ತರ ದಶಕದಲ್ಲಿ ಶಿರ್ತಾಡಿಯ ಕಡೆಯ ಶಾಲೆಯೊಂದರಲ್ಲಿ ಇಂಗ್ಲಿಷ್ ಮಾಸ್ಟ್ರಾಗಿದ್ದ ನನಗೆ ಅದು ಚೆನ್ನಾಗಿ ಅಂಟಿತ್ತು. ನಿಜ ಹೇಳಬೇಕೆಂದರೆ, ಬಿಡಿಸಿಕೊಳ್ಳುವ ಮನಸ್ಸೂ ನನಗಿರಲಿಲ್ಲ.

ಒಂದು ಮಳೆಗಾಲ ಊರಿನ ಸೂಲಗಿತ್ತಿ ಅಪ್ಪಿಯಕ್ಕ ಕೈಗೆ ಪಟ್ಟಿ ಕಟ್ಟಿಕೊಂಡು ನಮ್ಮ ಮನೆಗೆ ಬಂದರು. ಹೆರಿಗೆಗೆಂದು ಓಡುವಾಗ ತೋಡಿನ ಸಂಕದಿಂದ ಜಾರಿ ಬಿದ್ದಿದ್ದರು. ಸಂಕವೆಂದರೆ ಆ ಹಳ್ಳಕ್ಕೆ ಎರಡು ಮರದ ಕಾಂಡಗಳನ್ನು ಅಡ್ಡ ಹಾಕಿದ್ದು, ಅಷ್ಟೆ. "ಮಾಸ್ಟ್ರೇ, ಗುರುವಾರ ದೊಡ್ಡ ಸಾಹೇಬರು ಮೂಡಬಿದ್ರೆಯ ಬಂಗ್ಲೆಗೆ ಬರ್ತಾರಂತೆ. ಗಟ್ಟಿ ಸಂಕ ಬೇಕು ಅಂತ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದುಕೊಡಿ. ನಿಮ್ಮ ಇಂಗ್ಲಿಷ್ ಕಂಡರೆ ಅವರು ಇಲ್ಲ ಅನ್ನಲಿಕ್ಕಿಲ್ಲ" ಎಂದರು. ನಾನು ಉಬ್ಬಿಹೋದೆ.

'ನಾವು ಕಷ್ಟ ಅನುಭವಿಸುತ್ತಿದ್ದೇವೆ' ಎಂಬ ಮೊದಲ ವಾಕ್ಯದಲ್ಲೇ ಪೆನ್ನು ನಿಂತಿತು. ಸಫರ್ ಎಂದರೆ ಊರಿಗೆ ಊರೇ ಜ್ವರ ಬಂದು ಮಲಗಿದ ಹಾಗೆ. ಅಂಡರ್‌ಗೋ ಎಂದರೆ ಆಪರೇಷನ್ನಿನ ವಾಸನೆ. ಬೇರ್ ಬರೆದರೆ ಕರಡಿಯ ನೆನಪು. ಟಾಲರೇಟ್ ಎಂದರೆ ನಾವು ದೊಡ್ಡ ಮನಸ್ಸು ಮಾಡಿ ತೋಡನ್ನು ಅಲ್ಲಿ ಇರಗೊಟ್ಟ ಹಾಗೆ. ಎಂಡ್ಯೂರ್ ಗಂಭೀರವೇನೋ ಹೌದು. ಆದರೆ ಸಾಹೇಬರು "ಶಭಾಸ್, ಹೀಗೇ ಸಹಿಸುತ್ತಿರಿ" ಎಂದುಬಿಟ್ಟರೆ? ಡಿಕ್ಷನರಿ ತೆರೆದೆ. ಮೂರು ದಿನ ಅದು ತೆರೆದೇ ಇತ್ತು. ಗಂಜಿ ಆರಿತೆಂದು ಕರೆದು ಕರೆದು ಸೋತ ಹೆಂಡತಿ ಕೊನೆಗೆ, "ನಿಮ್ಮ ಜೊತೆ ನಾನು ಇಷ್ಟು ವರ್ಷ ಮಾಡಿದ್ದಕ್ಕೆ ಯಾವ ಪದ ಉಂಟೋ ಅದನ್ನೇ ಬರೆಯಿರಿ" ಎಂದಳು. ಅದನ್ನೂ ಹುಡುಕಿದೆ, ಡಿಕ್ಷನರಿಗೂ ನನಗೂ ಒಮ್ಮತವಾಗಲಿಲ್ಲ.

ಗುರುವಾರ ಬೆಳಿಗ್ಗೆ ಅಪ್ಪಿಯಕ್ಕ ಬಂದಾಗ ಕಾಗದದ ಮೇಲೆ 'ಸರ್' ಎಂಬುದಷ್ಟೇ ಇತ್ತು. "ಒಂದೇ ಪದದ್ದು ಕಷ್ಟ, ಅಪ್ಪಿಯಕ್ಕ. ನೀವು ಆ ತೋಡನ್ನು ಸಹಿಸುವುದೋ, ಅನುಭವಿಸುವುದೋ?" ಎಂದು ಕೇಳಿದೆ. ಅವರು ತಮ್ಮ ಕೈಯ ಪಟ್ಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ದಾಟುವುದು, ಮಾರಾಯ್ರೇ!" ಎಂದವರೇ ಅರ್ಜಿಯಿಲ್ಲದೆ ಬಸ್ಸು ಹತ್ತಿದರು.

ಬಂಗ್ಲೆಯಲ್ಲಿ ಅವರು ತಮಗೆ ಬರುವ ಕನ್ನಡದಲ್ಲೇ ಹೇಳಿದ್ದು ಒಂದೇ ಮಾತಂತೆ: "ಸಾಹೇಬ್ರೇ, ಒಮ್ಮೆ ಬಂದು ದಾಟಿ ನೋಡಿ." ಸಾಹೇಬರು ಜೀಪಿನಲ್ಲಿ ಬಂದರು, ಬೂಟುಗಾಲಲ್ಲೇ ಸಂಕ ಹತ್ತಿದರು, ನಡುವಿಗೆ ತಲುಪುವ ಮೊದಲೇ ತೋಡಿನೊಳಗಿದ್ದರು. ಅಪ್ಪಿಯಕ್ಕ ಸರಿಯಿದ್ದ ಒಂದೇ ಕೈಯಿಂದ ಅವರನ್ನು ಎಳೆದು ದಡಕ್ಕೆ ಹಾಕಿದರು. ಮಳೆ ಬಿಟ್ಟದ್ದೇ ಕಲ್ಲಿನ ಸಂಕದ ಕೆಲಸ ಸುರುವಾಯಿತು.

ಅದಕ್ಕೂ ಮೊದಲು ಬಂದ ಮಂಜೂರಾತಿಯ ಕಾಗದ ಇಂಗ್ಲಿಷಿನಲ್ಲಿತ್ತು. ಓದಿ ಹೇಳಲಿಕ್ಕೆ ಊರವರು ಅದನ್ನು ನನ್ನಲ್ಲಿಗೇ ತಂದರು. ಎಲ್ಲರೂ ನಗುನಗುತ್ತ ಸುತ್ತ ನಿಂತಿದ್ದರು. ಅಪ್ಪಿಯಕ್ಕ ಮಾತ್ರ ಇರಲಿಲ್ಲ, ಆಚೆ ದಡದಲ್ಲಿ ಯಾರಿಗೋ ನೋವು ಸುರುವಾಗಿತ್ತು. ನಾನು ಕಾಗದವನ್ನು ಎರಡು ಸಲ ಓದಿದೆ. ಎರಡು ಕಡೆ ವ್ಯಾಕರಣ ತಪ್ಪಿತ್ತು. ಕೆಂಪು ಪೆನ್ಸಿಲಿನಿಂದ ತಿದ್ದಿ ಕೊಟ್ಟೆ. ಆ ಸಂಕಕ್ಕೆ ನಾನು ಸಲ್ಲಿಸಿದ ಸೇವೆ ಇಷ್ಟು.