ಹೇಮಪ್ಪನವರ ಹೆಸರಿನ ಫೋಲ್ಡರ್

ಕಣ್ಣು ಹೋದದ್ದಕ್ಕೆ ಹೇಮಪ್ಪನವರು ನಾಲ್ಕು ಜನರೆದುರು ಅತ್ತವರಲ್ಲ. ಅವರ ತಕರಾರೇ ಬೇರೆ: ತಮ್ಮನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ! ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗ ದಿನವಿಡೀ ‘ಹೇಮಪ್ಪನವರೇ, ಹೇಮಪ್ಪನವರೇ’ ಎಂಬ ಜಯಘೋಷ. ಈಗ ಜನ ಅವರ ಎದುರಿಗೇ ನಿಂತು ಹೆಂಡತಿಯನ್ನು ಕೇಳುತ್ತಾರೆ: “ಅವ್ರು ಚಾ ಕುಡಿತಾರೇನು?” (ಕಣ್ಣು ಹೋದರೆ ಕಿವಿಯೂ ಹೋಗುತ್ತದೆಂದು ಇವರಿಗೆ ಯಾವ ಡಾಕ್ಟರು ಹೇಳಿದನೋ!) ಇನ್ನು ಹೆಂಡತಿ ಹುಲಗೆಮ್ಮ. ಹೆಸರು ಎತ್ತಿದರೆ ಗಂಡನಿಗೆ ಕೇಡು ಎಂದು ಅವಳ ಅವ್ವ ಹೇಳಿಕೊಟ್ಟಿದ್ದಳು. ಮದುವೆ ಮನೆಯಲ್ಲಿ ಹೆಂಗಸರು ಗಂಟುಬಿದ್ದು, ಗಂಡನ ಹೆಸರು ಸೇರಿಸಿ ಒಡಪು ಹೇಳು ಎಂದರೆ ಹೊಟ್ಟೆನೋವೆಂದು ಎದ್ದು ಹೋಗುವ ಪತಿವ್ರತಾ ಶಿರೋಮಣಿ ಅವಳು.

ಹೆಂಡತಿಯ ಮುಖವಂತೂ ಇನ್ನು ಕಾಣುವುದಿಲ್ಲ. ಅವಳ ಬಾಯಲ್ಲಿ ಒಂದು ಸಲವಾದರೂ ತಮ್ಮ ಹೆಸರು ಕೇಳಬೇಕು. ಈ ಆಸೆ ಹೇಮಪ್ಪನವರನ್ನು ಒಳಗೊಳಗೇ ಕೊರೆಯತೊಡಗಿತು. ಬಾಯಿಬಿಟ್ಟು ಕೇಳಲು ನಾಚಿಕೆ.

ಅದು ೨೦೦೯. ಹುಲಗೆಮ್ಮನ ತಮ್ಮ ದುರುಗೇಶ ಕೊಪ್ಪಳದಲ್ಲಿ ಟೇಪು, ರೇಡಿಯೋ ರಿಪೇರಿ ಅಂಗಡಿ ಇಟ್ಟವನು. ಅಕ್ಕನ ಗಂಡನಿಗೆಂದು ಬೆಂಕಿಪೊಟ್ಟಣದಷ್ಟಿನ ಹಾಡಿನ ಪ್ಲೇಯರ್ ತಂದ. ಕಣ್ಣಿಲ್ಲದವರಿಗೆ ಅನುಕೂಲವಾಗಲೆಂದು ಕಂಪ್ಯೂಟರಿನಿಂದ ಅದರೊಳಗೆ ಏನೋ ತುಂಬಿದ್ದ. ಗುಂಡಿ ಒತ್ತಿದರೆ ಮೆನುವನ್ನು ಅದೇ ಓದಿ ಹೇಳುತ್ತಿತ್ತು. ಆದರೆ ಇಂಗ್ಲಿಷಿನಲ್ಲಿ, ಅದೂ ನೆಗಡಿಯಾದ ಸಾಹೇಬನ ಗತ್ತಿನಲ್ಲಿ.

“ಯಾಂವಪಾ ಇಂವಾ, ನನ್ನ ಮನ್ಯಾಗ ನನಗ ಹುಕುಂ ಮಾಡಾಂವ?” ಎಂದರು ಹೇಮಪ್ಪನವರು.

“ಚಿಂತಿ ಬಿಡ್ರಿ ಮಾಮಾ. ಹಾಡಿನ ಒಂದೊಂದು ಫೋಲ್ಡರಿನ ಹೆಸರು ಅಕ್ಕನ ಕಡಿಂದ ಹೇಳಸಿ ತುಂಬತೀನಿ. ನೀವು ಗುಂಡಿ ಒತ್ತಿದ್ರ ಅಕ್ಕನ ದನಿನ ಬರತೈತಿ.”

ಹೇಮಪ್ಪನವರ ತಲೆಯಲ್ಲಿ ದಿವ್ಯಜ್ಯೋತಿ ಬೆಳಗಿತು. “ಭಜನಿ ಪದ ಒಂದ್ರಾಗ ಹಾಕು, ನಾಟಕದ ಹಾಡು ಒಂದ್ರಾಗ. ನನಗ ಭಾಳ ಸೇರೋ ಹಾಡೆಲ್ಲಾ ಇನ್ನೊಂದ್ರಾಗ. ಅದರ ಹೆಸರು ‘ಹೇಮಪ್ಪ’.”

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಗಕ್ಕನೆ ನಿಂತಿತು.

“ಅದೊಂದು ನನ್ನ ಕಡಿಂದ ಆಗಂಗಿಲ್ಲ,” ಎಂದಳು ಹುಲಗೆಮ್ಮ.

“ಅದು ಫೋಲ್ಡರಿನ ಹೆಸರು, ನಂದಲ್ಲ!”

“ಫೋಲ್ಡರಿಗೆ ಯಾರರ ಮನಶ್ಯಾರ ಹೆಸರು ಇಡ್ತಾರೇನ್ರಿ? ‘ಇವರ ಹಾಡು’ ಅಂತೀನಿ, ಸಾಕು.”

“ಹಂಗಂದ್ರ ಮಷಿನ್ನಿಗೆ ತಿಳಿಯಂಗಿಲ್ಲ,” ಎಂದು ಹೇಮಪ್ಪನವರು ವಿಜ್ಞಾನದ ಮೇಲೆ ಸುಳ್ಳು ಹೊರಿಸಿ, ಕೈಯಿಂದ ತಡವಿ ದುರುಗೇಶನ ತೊಡೆ ಚಿವುಟಿದರು. ಅವನು “ಹೌದಕ್ಕಾ” ಎಂದು ನರಳಿದ. ಹುಲಗೆಮ್ಮ ಮತ್ತೆ ರೊಟ್ಟಿ ಬಡಿಯತೊಡಗಿ, “ಆತು, ಇವರು ಇಲ್ಲದಾಗ ಹೇಳ್ತೀನಿ” ಎಂದಳು.

ಸಂಜೆ ಹೇಮಪ್ಪನವರು ಮಡಿ ಧೋತರ ಉಟ್ಟು, ತಲೆ ಬಾಚಿಕೊಂಡು, ಪ್ಲೇಯರ್ ಕಿವಿಗೆ ಹಿಡಿದು ಕೂತರು. ಗುಂಡಿ ಒತ್ತಿದರು. “ಭಜನಿ ಪದ. ಸಪ್ಪಳ ಸಣ್ಣದು ಇಟ್ಕೊರ್ರಿ.” ಹುಲಗೆಮ್ಮನೇ! ಮತ್ತೆ ಒತ್ತಿದರು. “ನಾಟಕದ ಹಾಡು. ಮಂದಿ ಅಡ್ಡಾಡೋ ಹೊತ್ತಿನ್ಯಾಗ ಹಚ್ಚಬ್ಯಾಡ್ರಿ.” ಮೂರನೆಯ ಸಲ ಒತ್ತಿದರು.

“ಏ ಹೇಮಪ್ಪಣ್ಣಾ!”

ಪಕ್ಕದ ಮನೆಯ ಗೌಸಬೀ! ಸಂತೆಯಲ್ಲಿ ಬಳೆ ಮಾರಿ ಪಳಗಿದ ಕಂಠ. ಹೇಮಪ್ಪನವರ ಕೈಯಿಂದ ಯಂತ್ರ ಜಾರಿ ಬಿತ್ತು.

“ನನ್ನ ಹೆಸರು ಹೇಳಾಕ ಬಾಡಿಗಿ ಬಾಯಿ ತಂದ್ಯಾ?” ಎಂದು ಗುಡುಗಿದರು. “ಒಂದ ಒಂದ್ಸಲ ಅಂದಿದ್ರ ಏನಾಗತಿತ್ತು? ನಂದು ಹೋಗಾಕ ಇನ್ನ ಏನ ಉಳದೈತಿ?”

“ಒಂದ್ಸಲ ಅಂದಿದ್ದೆನ್ರಿ,” ಎಂದಳು ಹುಲಗೆಮ್ಮ.

“ಯಾವಾಗ?” ಎಂದರು ಹೇಮಪ್ಪನವರು.

“ದವಾಖಾನ್ಯಾಗ, ಚೀಟಿ ಮಾಡಸಾಗ. ನೀವು ದೂರ ಕಣ್ಣು ಮುಚ್ಕೊಂಡು ಬೆಂಚಿನ ಮ್ಯಾಲೆ ಕುಂತಿದ್ರಿ. ಪೇಶಂಟ್ ಹೆಸರು ಏನಬೇ ಅಂತ ಕೇಳಿದ್ರು. ಹಿಂದಿನ ಮಂದಿ ಲಗೂ ಹೇಳಬೇ ಅಂತ ನೂಕಾಕ ಹತ್ತಿದ್ರು. ಹೇಳಿಬಿಟ್ಟೆ. ಅವತ್ತ ಅಂದ್ರಲ್ರಿ ಡಾಕ್ಟರು, ಇನ್ನ ಕಣ್ಣು ಬರಂಗಿಲ್ಲ ಅಂತ.” ಅವಳು ಸೆರಗಿನಲ್ಲಿ ಮೂಗು ಸೀಟಿದಳು. “ನಾನ ಕಳದೆನ್ರಿ ನಿಮ್ಮ ಕಣ್ಣು.”

ಇಷ್ಟು ವರ್ಷ ಇದನ್ನು ಒಬ್ಬಳೇ ನುಂಗಿಕೊಂಡು, ತಮಗೆ ಹೊತ್ತು ಹೊತ್ತಿಗೆ ರೊಟ್ಟಿ ಬಡಿದು ಹಾಕಿದ್ದಳು. ಹೇಮಪ್ಪನವರು ಅವಳ ದನಿ ಬಂದ ಕಡೆ ತಿರುಗಿದರು. “ಹುಚ್ಚಿ, ಕಣ್ಣಿನ ನರ ಅದಕ್ಕಿಂತ ಮದ್ಲ ಒಣಗಿದ್ದುವಂತ. ಡಾಕ್ಟರ ಹೇಳ್ಯಾರ.”

“ನಾ ಹೆಸರು ಅಂದಿದ್ದು ಡಾಕ್ಟರಿಗೇನು ಗೊತ್ತು?”

ಹೇಮಪ್ಪನವರು ಅವಳತ್ತ ಸರಿದು ಕೂತರು. ಕಣ್ಣೊರೆಸಲು ಕೈ ಚಾಚಿದರೆ ಬೆರಳು ಅವಳ ಮೂಗಿನೊಳಗೆ ಹೋಯಿತು. “ಕಣ್ಣು ಮ್ಯಾಲದಾವ್ರಿ,” ಎಂದಳು ಬಿಕ್ಕುತ್ತಲೇ. ಇಬ್ಬರಿಗೂ ನಗು ಬಂತು, ಆಮೇಲೆ ಇಬ್ಬರೂ ಅತ್ತರು.

ಮರುದಿನ ದುರುಗೇಶ ಗೌಸಬೀಯ ದನಿಯನ್ನು ಫೋಲ್ಡರಿನಿಂದ ಅಳಿಸಿದ. “ಅದು ಹಂಗ ಖಾಲಿ ಇರಲಿ,” ಎಂದರು ಹೇಮಪ್ಪನವರು. “ಖಾಲಿ ಇದ್ರ ಗುರ್ತು ಹೆಂಗ ಸಿಗತೈತಿ ನಿಮಗ?” ಎಂದು ಹುಲಗೆಮ್ಮ ತಾನೇ ಬಂದು ಯಂತ್ರದೆದುರು ಕೂತಳು. ಮದುವೆಯಾದಾಗಿನಿಂದ ಗಂಡನನ್ನು ಹೇಗೆ ಕರೆಯುತ್ತಿದ್ದಳೋ ಹಾಗೆಯೇ ಕರೆದಳು.

ಈಗ ಆ ಫೋಲ್ಡರಿಗೆ ಬಂದರೆ ಅವಳ ದನಿ ಬರುತ್ತದೆ: “ಏನ್ರಿ… ಊಟಕ್ಕ ಏಳ್ರಿ.” ಹಾಡು ಹಚ್ಚುವುದು ಮರೆತು ಹೇಮಪ್ಪನವರು ಎದ್ದೇಬಿಡುತ್ತಾರೆ. ಗೋಡೆ ಹಿಡಿದು ಅಡುಗೆಮನೆಗೆ ಹೋಗಿ, ಚಕ್ಕಳಮಕ್ಕಳ ಹಾಕಿ ಕೂತು, ಊಟದ ಗಂಗಾಳಕ್ಕಾಗಿ ನೆಲ ತಡವುತ್ತಾರೆ.

“ಈಗರ ಉಂಡ್ರಲ್ರಿ!” ಎನ್ನುತ್ತಾಳೆ ಹುಲಗೆಮ್ಮ.

“ನೀನ ಕರದ್ಯಲ್ಲ,” ಎನ್ನುತ್ತಾರೆ ಹೇಮಪ್ಪನವರು.

ಅವಳು ಅರ್ಧ ರೊಟ್ಟಿ ಮುರಿದು ಅವರ ಕೈಗೆ ಕೊಡುತ್ತಾಳೆ.