ಪದಕದ ಬೆನ್ನ ಮೇಲಿನ ಅಂಕಿ

ಹಲ್ಲುಪುಡಿಯ ಡಬ್ಬಿ ಖಾಲಿಯಾಗದೇ ಇದ್ದಿದ್ದರೆ ಯೆಫಿಮ್ ಲೂಕಿಚ್‌ನ ಮಾನ ಆ ದಿನ ಬೀದಿಗೆ ಬರುತ್ತಿರಲಿಲ್ಲ.

ಯುದ್ಧ ಗೆದ್ದು ಅಂದಿಗೆ ಸರಿಯಾಗಿ ಇಪ್ಪತ್ತು ವರ್ಷ. ಹೆಂಡತಿ ಗ್ಲಾಫಿರಾ ಎಂದಿನಂತೆ ಗಂಡನ ಶೌರ್ಯಪದಕವನ್ನು ಹಲ್ಲುಪುಡಿ ಹಾಕಿ ಉಜ್ಜಲು ಕೂತಳು. ನೋಡಿದರೆ ಪುಡಿಯಿಲ್ಲ. ಪಕ್ಕದ ಕೋಣೆಯ ರಾಯಿಸಾ ಪ್ರೊಖೊರೊವ್ನಾಳನ್ನು ಕೇಳಿದಳು. ಪುಡಿಯ ಜೊತೆಗೆ ರಾಯಿಸಾಳೂ ಬಂದಳು. ಐದು ಸಂಸಾರಕ್ಕೆ ಒಂದೇ ಅಡುಗೆಮನೆಯಿದ್ದ ಆ ವಠಾರದಲ್ಲಿ ಯಾರ ಪಾತ್ರೆಯಲ್ಲಿ ಏನು ಬೇಯುತ್ತಿದೆ ಎಂದು ಮುಚ್ಚಳ ತೆಗೆಯದೆ ಹೇಳಬಲ್ಲವಳು ಆಕೆ. ಸಾಲದ್ದಕ್ಕೆ ವಠಾರದ ಸಮಿತಿಯ ಅಧ್ಯಕ್ಷೆ ಬೇರೆ.

"ಪದಕದ ಹಿಂದೆ ನಂಬರ್ ಇದೆ ಕಣೇ ಗ್ಲಾಫಿರಾ. ಪದಕದ ಜೊತೆ ಕೊಟ್ಟಿರೋ ಪುಸ್ತಕದಲ್ಲೂ ಇರತ್ತೆ. ತಾ, ತಾಳೆ ನೋಡೇಬಿಡೋಣ."

"ಅದರಲ್ಲಿ ನೋಡೋಕೇನಿದೆ?"

"ಏನೂ ಇಲ್ಲದಿದ್ರೆ ತೋರಿಸೋಕೇನು?"

ಆರು ಅಂಕಿಗಳಲ್ಲಿ ಐದು ಸರಿಯಾಗಿ ಕೂತವು. ಕೊನೆಯದು ಪುಸ್ತಕದಲ್ಲಿ ಆರು, ಪದಕದಲ್ಲಿ ಏಳು. ರಾಯಿಸಾ ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದಳು. ಏಳು ಏಳೇ ಆಗಿತ್ತು.

ಗಡ್ಡ ಹೆರೆದುಕೊಳ್ಳುತ್ತಿದ್ದ ಯೆಫಿಮ್ ಅರ್ಧ ಕೆನ್ನೆಗೆ ನೊರೆ ಹಚ್ಚಿಕೊಂಡೇ ಓಡಿಬಂದ. ಅಷ್ಟರಲ್ಲಿ ಒಲೆಗಳ ಸುತ್ತ ಎಲ್ಲ ಸಂಸಾರಗಳೂ ನೆರೆದಿದ್ದವು. "ಸತ್ತವನ ಎದೆಯಿಂದ ಕಿತ್ಕೊಂಡಿದ್ದೇನೋ," ಎಂದು ಯಾವುದೋ ಸಾರಿನ ಹಬೆಯ ಹಿಂದಿನಿಂದ ಒಂದು ದನಿ ಬಂತು.

"ನೋಡಿ ಯೆಫಿಮ್ ಲೂಕಿಚ್," ಅಂದಳು ರಾಯಿಸಾ, "ಇನ್ನೊಬ್ಬರ ಪದಕ ಹಾಕ್ಕೊಂಡು ಮೇಜಿನ ತಲೆಗೆ ಕೂರೋಕಾಗಲ್ಲ. ಮೂರು ಗಂಟೆಗೆ ಅಂಗಳದಲ್ಲಿ ಹಬ್ಬದ ಊಟ. ಅಷ್ಟರಲ್ಲಿ ನಿಮ್ಮದನ್ನ ತನ್ನಿ. ಇಲ್ಲಾಂದ್ರೆ ಬಾಯ್ಲರ್ ಕೋಣೆಯಲ್ಲೇ ತಟ್ಟೆ ಹಾಕಿಸ್ತೀನಿ."

ಯೆಫಿಮ್ ವಠಾರದ ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವವನು. ನೀರು ತಣ್ಣಗಿದ್ದರೂ ಅವನಿಗೇ ಬೈಗುಳ, ಬಿಸಿ ಹೆಚ್ಚಾದರೂ ಅವನಿಗೇ. ವರ್ಷದಲ್ಲಿ ಈ ಒಂದು ದಿನ ಮಾತ್ರ ಅಂಗಳದ ಉದ್ದ ಮೇಜಿನ ತಲೆಗೆ ಅವನನ್ನು ಕೂರಿಸಿ, ಅವನು ಬಾಯಿ ತೆರೆದರೆ ಉಳಿದವರು ಮುಚ್ಚುತ್ತಿದ್ದರು. ಆ ಒಂದು ದಿನಕ್ಕೂ ಕಲ್ಲು ಬಿತ್ತಲ್ಲ ಎಂದು ಅವನಿಗೆ ಅಳುವೇ ಬಂತು.

ಆಗ ಮಗ್ಗು ನೆನಪಾಯಿತು.

ಯುದ್ಧ ಮುಗಿಯಲು ಇನ್ನೂ ಎರಡು ವರ್ಷವಿದ್ದಾಗ ಕ್ಯಾಪ್ಟನ್ ಒಂದೇ ದಿನ ಇಬ್ಬರ ಎದೆಗೆ ಪದಕ ಚುಚ್ಚಿದ್ದ: ಗಂಜಿ ಬೇಯಿಸುತ್ತಿದ್ದ ಯೆಫಿಮನಿಗೆ, ಗಂಜಿಗಾಡಿ ಹೊಡೆಯುತ್ತಿದ್ದ ಜಖಾರ್‌ಗೆ. ಪದಕವನ್ನು ವೋಡ್ಕಾದಲ್ಲಿ ಮುಳುಗಿಸಿ, ಲೋಟ ತಳ ಕಾಣುವವರೆಗೆ ಕುಡಿದು ತೊಳೆಯದಿದ್ದರೆ ಸೈನಿಕರ ಲೆಕ್ಕದಲ್ಲಿ ಅದು ಬರೀ ತಗಡು. ಕಂದಕದಲ್ಲಿದ್ದದ್ದು ಒಂದೇ ಮಗ್ಗು. ಎರಡು ಪದಕವೂ ಅದರಲ್ಲೇ ಬಿದ್ದವು. ಕುಡಿದಾದ ಮೇಲೆ ಕೈಗೆ ಸಿಕ್ಕಿದ್ದನ್ನು ಒಬ್ಬೊಬ್ಬರು ಎತ್ತಿಕೊಂಡಿದ್ದರು.

ಜಖಾರ್ ಈಗ ಇದ್ದದ್ದು ನದಿಯಾಚೆ. ಯೆಫಿಮ್ ಪುಸ್ತಕವನ್ನು ಜೇಬಿಗೆ ತುರುಕಿ, ಅರ್ಧ ಗಡ್ಡದಲ್ಲೇ ದೋಣಿ ಹತ್ತಿದ. ದೋಣಿಯ ತುಂಬ ಹಬ್ಬದ ಜನ. ಎಲ್ಲರೂ ಅವನ ಎದೆ ನೋಡುವವರೇ. ಅವನು ಪದಕದ ಮೇಲೆ ಕೈ ಮುಚ್ಚಿಕೊಂಡ. "ಅಯ್ಯೋ, ಯೋಧನಿಗೆ ಎದೆನೋವು!" ಎಂದು ಒಬ್ಬ ಮುದುಕಿ ಕೂಗಿಕೊಂಡಳು. ನಾಲ್ವರು ಸೇರಿ ಅವನನ್ನು ಹಲಗೆಯ ಮೇಲೆ ಮಲಗಿಸಿ, ಬಾಯಿಗೆ ಕಹಿ ಔಷಧಿ ಹನಿಸಿ, ಆಚೆ ದಡ ಮುಟ್ಟುವವರೆಗೂ ಕಾಲು ತಿಕ್ಕಿದರು.

ಜಖಾರ್ ಆಲೂಗಡ್ಡೆ ನೆಡುತ್ತಿದ್ದ. ಪದಕವಿದ್ದ ಕೋಟು ಬೇಲಿಯ ಮೇಲಿತ್ತು. ಇಬ್ಬರೂ ಅದನ್ನು ತಿರುಗಿಸಿ ನೋಡಿದರು. ಕೊನೆಯ ಅಂಕಿ ಆರು!

"ಲೋ ಫೀಮಾ, ಇಪ್ಪತ್ತೆರಡು ವರ್ಷ ನಿನ್ನ ಶೌರ್ಯಾನ ನಾನು ಹೊತ್ಕೊಂಡಿದ್ನಲ್ಲೋ!"

"ನನ್ನದು ಅನ್ನೋ ಶೌರ್ಯ ಎಲ್ಲಿತ್ತೋ?" ಯೆಫಿಮ್ ಬದುವಿನ ಮೇಲೆ ಕುಸಿದು ಕೂತ. "ಕುದುರೆಗೆ ಗುಂಡು ಬಿದ್ದಾಗ ಗಂಜಿಗಾಡಿ ಬಿಟ್ಟು ಓಡೋಣ ಅಂತಿದ್ದೆ. ಮುಂದೆ ಕಂದಕದಲ್ಲಿ ಎಂಬತ್ತು ಜನ ಎರಡು ದಿನದಿಂದ ಉಪವಾಸ, ಅದೂ ಗೊತ್ತಿತ್ತು. ಆದರೂ ಓಡ್ತಿದ್ದೆ. ನೀನು ಗಾಡಿಗೆ ಹೆಗಲು ಕೊಟ್ಟು ನಿಂತಿದ್ದೆ, ನಾಚಿಕೆ ಆಗಿ ನಾನೂ ಕೊಟ್ಟೆ."

ಜಖಾರ್ ಕಣ್ಣು ಪಿಳಿಪಿಳಿ ಬಿಟ್ಟ. "ನಾನು ಹೆಗಲು ಕೊಟ್ಟಿರಲಿಲ್ಲ ಕಣೋ. ಗಾಡಿ ಮರೆಗೆ ಬಗ್ಗಿ ಕೂತಿದ್ದೆ. ನೀನು ಮೊದಲು ಓಡ್ತೀಯ, ಹಿಂದೇನೇ ಓಡೋಣ ಅಂತ ಕಾಯ್ತಿದ್ದೆ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ಎಷ್ಟೋ ವರ್ಷದಿಂದ ಎದೆಯಲ್ಲಿದ್ದ ಭಾರ ಇಳಿದಂತಾಗಿತ್ತು. ಪದಕಗಳನ್ನು ಅದಲುಬದಲು ಮಾಡಿಕೊಂಡರು.

"ಸ್ವಂತ ಪದಕ ಇವತ್ತು ಸಿಕ್ಕಿದೆ," ಅಂದ ಜಖಾರ್. "ತೊಳೀದೆ ಹಾಕ್ಕೋತೀಯೇನೋ?"

ಹೌದಲ್ಲ! ಹೊಲದಲ್ಲಿದ್ದದ್ದು ಒಂದೇ ಮಗ್ಗು.

ಮೂರಕ್ಕೆ ಐದು ನಿಮಿಷವಿರುವಾಗ ಯೆಫಿಮ್ ಎದೆಯುಬ್ಬಿಸಿಕೊಂಡು ಅಂಗಳಕ್ಕೆ ಬಂದ. ಅರ್ಧ ಗಡ್ಡ ಹಾಗೇ ಇತ್ತು. ರಾಯಿಸಾ ಕನ್ನಡಕ ಏರಿಸಿ ಪದಕ ತಿರುಗಿಸಿದಳು.

"ಏಳು," ಅಂದಳು.

ಗ್ಲಾಫಿರಾ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಯೆಫಿಮ್ ಬಾಯ್ಲರ್ ಕೋಣೆಯ ಕಡೆ ಹೆಜ್ಜೆಯಿಟ್ಟ.

ಅಷ್ಟರಲ್ಲಿ ಗೇಟಿನಿಂದ ಜಖಾರ್ ಏದುಸಿರು ಬಿಡುತ್ತ ನುಗ್ಗಿದ. "ಫೀಮಾ! ನನ್ನ ಹೆಂಡ್ತಿ ಪುಸ್ತಕ ತೆಗೆದು ನೋಡಿದ್ಳು ಕಣೋ, ನಿನ್ನ ಆರು ಮತ್ತೆ ನನ್ನ ಹತ್ರಾನೇ ಬಂದಿದೆ!" ನಡೆದದ್ದನ್ನೆಲ್ಲ ಅವನು ಒಂದೇ ಉಸಿರಿನಲ್ಲಿ ಹೇಳಿದ. ಮಗ್ಗಿನ ಕತೆ, ಕುದುರೆಯ ಕತೆ, ಇಬ್ಬರೂ ಓಡಲು ಕಾದ ಕತೆ. ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ಕೊನೆಯಲ್ಲಿ ರಾಯಿಸಾಳೇ ಮೂಗೊರೆಸಿಕೊಳ್ಳುತ್ತಿದ್ದಳು. ಅವಳ ಗಂಡ ಯುದ್ಧದಿಂದ ಮರಳಿರಲಿಲ್ಲ.

"ಗಂಜಿ ತಲುಪಿತಲ್ಲ, ಅಷ್ಟು ಸಾಕು," ಅಂದಳು ಆಕೆ. ಎಲ್ಲರ ಎದುರು ನಂಬರು ಓದಿ, ಆರನ್ನು ಯೆಫಿಮನ ಅಂಗೈಯಲ್ಲೂ ಏಳನ್ನು ಜಖಾರ್‌ನ ಅಂಗೈಯಲ್ಲೂ ಇಟ್ಟಳು. ಯೆಫಿಮನನ್ನು ಮೇಜಿನ ತಲೆಗೆ ಕೂರಿಸಿ, ಜಖಾರ್‌ನನ್ನು ಪಕ್ಕಕ್ಕೆ ಕೂರಿಸಿದಳು. "ಈಗ ತೊಳೀಬೇಕು!" ಎಂದು ಜನ ಕೂಗಿದರು. ರಾಯಿಸಾ ಓಡಿಹೋಗಿ ತನ್ನ ಗಂಡನ ದೊಡ್ಡ ಮಗ್ಗನ್ನೇ ತಂದು, ವೋಡ್ಕಾ ಸುರಿದು, ಇಬ್ಬರ ಕೈಯಿಂದಲೂ ಪದಕ ತೆಗೆದು ಪ್ರೀತಿಯಿಂದ ಒಳಗೆ ಹಾಕಿದಳು. ಬುಳುಕ್, ಬುಳುಕ್.

ಮಗ್ಗು ಖಾಲಿಯಾಯಿತು. ಜಖಾರ್ ಒಳಗೆ ಇಣುಕಿ ನೋಡಿ ಪಿಸುಗುಟ್ಟಿದ: "ಫೀಮಾ, ಯಾವುದು ಯಾವ ಕಡೆ ಬಿತ್ತು ಅಂತ ನೋಡ್ಕೊಂಡ್ಯಾ?"

"ಇಲ್ಲ ಕಣೋ," ಅಂದ ಯೆಫಿಮ್. "ನೀನು ನೋಡ್ಕೋತೀಯ ಅಂತ ಕಾಯ್ತಿದ್ದೆ."