ಮಠದ ಗೋಡೆಗೆ ಮಡಿ ಉಡಿಸಿದ್ದು

ಹಳೆಯ ಕಟ್ಟಡ ರಿಪೇರಿಗೆ ಬಂತೆಂದರೆ ಬಿದ್ದ ಕಲ್ಲಿಗಿಂತ ನಿಂತ ಕಲ್ಲಿಗೇ ಹೆಚ್ಚು ಭಯ. ನಾರಾಯಣಗೂಡದ ನಮ್ಮ ಕನ್ನಡದವರ ಮಠದಲ್ಲಿ ಇದನ್ನು ಮತ್ತೆ ಮತ್ತೆ ಕಂಡೆ. ನಿಜಾಮರ ಕಾಲದ ಮಠ. ಹಿರಿಯರು ಕಟ್ಟಿದ್ದು ಹಾಗೇ ಉಳಿಯಲೆಂದು ದಿನಾ ಬೇಡಿಕೊಳ್ಳುತ್ತಿದ್ದೆ. ಜೀರ್ಣೋದ್ಧಾರ ಸಮಿತಿಯಲ್ಲಿ ನಾನೂ ಇದ್ದೆ. ದೇವರು ಕೇಳಿಸಿಕೊಂಡಿರಬೇಕು, ಸಮಿತಿ ಕೇಳಿಸಿಕೊಳ್ಳಲಿಲ್ಲ.

ನೆಲ

ನೆಲಕ್ಕೆ ಶಹಾಬಾದ್ ಕಲ್ಲು. ಕೆಲವಷ್ಟೇ ಒಡೆದಿದ್ದವು. "ಅವನ್ನಷ್ಟ ಬದಲಿ ಮಾಡೋಣ್ರಿ, ಅದೇ ಕಲ್ಲು ಈಗೂ ಸಿಗತದ" ಎಂದೆ.

"ನಮ್ಮನಿ ಬಚ್ಚಲಿಗೂ ಅದೇ ಕಲ್ಲು. ದೇವರಿಗೂ ಅದೇನ್ರಿ?" ಎಂದ ಅಧ್ಯಕ್ಷರು ಕನ್ನಡಿಯಂಥ ಗ್ರಾನೈಟ್ ಹಾಸಿಸಿದರು.

ಮೊದಲ ಏಕಾದಶಿಗೇ ಅರ್ಚಕರು ಒದ್ದೆ ಪಂಚೆಯಲ್ಲಿ ಪ್ರದಕ್ಷಿಣೆ ಹೊರಟು ಮೂಲೆಯಲ್ಲಿ ಜಾರಿ ಕೂತರು. ಕೂತಂತೆಯೇ ತುಳಸಿ ಕಟ್ಟೆಯ ತನಕ ಹೋದರು. ಓಡಿ ಹೋಗಿ ಎಬ್ಬಿಸಿದರೆ, "ಇರಲಿ ಬಿಡ್ರಿ, ಅರ್ಧ ಪ್ರದಕ್ಷಿಣೆ ಆ ದೇವರೇ ಮಾಡಿಸಿದ" ಎಂದರು.

ಬಾಗಿಲು

ಸಾಗವಾನಿ ಬಾಗಿಲಿಗೆ ತಳದಲ್ಲಿ ಮಾತ್ರ ಗೆದ್ದಲು. ಅಷ್ಟು ಕೊಯ್ದು ಹಳೆಯ ಸಾಗವಾನಿಯದೇ ತುಂಡು ಕೂಡಿಸಬಹುದಿತ್ತು. ಹಳೇ ಮನೆ ಕೆಡವುತ್ತಿದ್ದಾರೆಂದು ಮಲ್ಕಾಜ್‌ಗಿರಿಗೆ ಹೋಗಿ ಒಂದು ತೊಲೆ ಗೊತ್ತುಮಾಡಿ ಬರುವಷ್ಟರಲ್ಲಿ ಕಬ್ಬಿಣದ ಶಟರ್ ಬಂದು ಕೂತಿತ್ತು.

ಮರುದಿನ ಬೆಳಿಗ್ಗೆ ಅರ್ಚಕರು ಅದನ್ನು ಧಡಧಡನೆ ಎತ್ತಿದ್ದೇ ತಡ, ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ಚೀಲ ಚಾಚಿ, "ಸೇಠ್, ಆಧಾ ಕಿಲೋ ಶಕ್ಕರ್" ಎಂದ. ಅರ್ಚಕರು ಅವನ ಕೈಗೆ ತೀರ್ಥ ಹಾಕಿ, ನನ್ನತ್ತ ತಿರುಗಿ, "ಬೋಣಿ ಆತ್ರಿ" ಎಂದರು.

ಗೋಡೆ

ಉಳಿದದ್ದು ಗರ್ಭಗುಡಿಯ ಗಚ್ಚಿನ ಗೋಡೆ. ಕಡು ಬೇಸಿಗೆಯಲ್ಲೂ ಬೆನ್ನು ಆನಿಸಿದರೆ ತಣ್ಣಗೆ. ಒಂದು ಮೂಲೆಯಲ್ಲಿ ಉದುರಿತ್ತು. ಸಿಮೆಂಟ್ ಬೇಡ, ಸುಣ್ಣದ ಗಚ್ಚೇ ಇರಲೆಂದು ಹೇಗೋ ಒಪ್ಪಿಸಿದೆ. ಇದೊಂದಾದರೂ ಉಳಿಯಿತೆಂದು ತುಪ್ಪದ ದೀಪ ಹಚ್ಚಿದೆ.

ಊರಿನ ಹಳೇ ಭಾಗದಿಂದ ಗಚ್ಚಿನ ಮೇಸ್ತ್ರಿ ಬಂದ. ಸುಣ್ಣ, ಮರಳು, ಬೆಲ್ಲ ಎಂದು ಸಾಮಾನು ಹೇಳುತ್ತ ಹೋಗಿ, "ಔರ್ ಅಂಡೇ ಹೋನಾ ಸಾಬ್" ಎಂದ. ಹೊಳಪಿಗೆ ಮೊಟ್ಟೆ ಬೇಕಂತೆ.

"ಹರಿ ಹರಿ! ಮಠಕ್ಕ ತತ್ತಿ?" ಅಧ್ಯಕ್ಷರು ಕಿವಿ ಮುಚ್ಚಿಕೊಂಡರು.

"ತತ್ತಿ ಬಿಟ್ಟೂ ಮಾಡಬಹುದ್ರೀ" ಎಂದು ಅಂಗಲಾಚಿದೆ. ಆದರೆ ಅವರಿಗೆ ಬೇರೆಯೇ ಚಿಂತೆ ಹತ್ತಿತ್ತು. "ಹಳೇದರಾಗೂ ಹಾಕಿದ್ರೇನು?"

ಮೇಸ್ತ್ರಿ ಗೋಡೆ ಸವರಿ, ಇದ್ದರೂ ಇರಬಹುದು ಎಂದ. ಅಷ್ಟೇ ಸಾಕಾಯಿತು. ಸಂಜೆಯೊಳಗೆ ಗಟ್ಟಿಯಿದ್ದ ಗಚ್ಚೂ ಕೆತ್ತಿಸಿಬಿಟ್ಟರು. "ಸಿಮೆಂಟ್ ಶುದ್ಧ ಸಸ್ಯಾಹಾರಿ ನೋಡ್ರಿ" ಎಂದು ನನಗೇ ಸಮಾಧಾನ ಹೇಳಿದರು. ರಾಶಿಯಿಂದ ಒಂದು ಚೂರು ಎತ್ತಿಕೊಂಡೆ. ಇನ್ನೂ ತಣ್ಣಗಿತ್ತು. ಕಣ್ಣು ತುಂಬಿತು.

ಅಷ್ಟರಲ್ಲಿ ಅಧ್ಯಕ್ಷರು ಅರ್ಚಕರಿಗೆ ಕೈಮುಗಿದರು. "ಆಚಾರ್ರೇ, ಇಷ್ಟು ವರ್ಷ ಆ ಗೋಡಿಗೆ ಬೆನ್ನು ಹಚ್ಚಿ ಕೂತೀವಿ. ಪ್ರಾಯಶ್ಚಿತ್ತ ಏನು ಮಾಡೋಣ್ರಿ?"

ಅರ್ಚಕರು ಗರ್ಭಗುಡಿಯತ್ತ ಕೈ ತೋರಿಸಿದರು. "ಮೊದಲ ಅವನ್ನ ಕೇಳಿ ಬರ್ರಿ. ನೀವು ಬರೇ ಬೆನ್ನು ಹಚ್ಚೀರಿ. ಅವ ಒಳಗ ಕೂತು ದಿನಾ ಊಟ ಮಾಡ್ಯಾನ!"